1938ರ ಬಂಡಿಗಳು: ಲಂಡನ್ ನಗರದ ನೆಲದಡಿಯ ರೈಲಿನ ಒಂದು ವರ್ಗದ ಲಕ್ಷಣವೂ ಕಾಲವೂ

ಲಂಡನ್ ನಗರದ ನೆಲದಡಿಯ ರೈಲುದಾರಿಗಳಲ್ಲಿ ಓಡತಕ್ಕ ಬಂಡಿಗಳನ್ನು ವರ್ಷದ ಹೆಸರಿನಿಂದ ಗುರುತಿಸುವುದು ಅಲ್ಲಿನವರ ಬಹುಕಾಲದ ರೂಢಿ. ಹೀಗೆ ಹೆಸರಾದ ವರ್ಗಗಳಲ್ಲಿ ‘1938ರ ಸ್ಟಾಕ್’ ಎಂಬುದು ಅತ್ಯಂತ ಪ್ರಸಿದ್ಧವಾದುದು. ಈ ವರ್ಗದ ಬಂಡಿಗಳು 1938ನೆಯ ಇಸವಿ ಜೂನ್ 30ರಂದು ನಾರ್ದರ್ನ್ ಮಾರ್ಗದಲ್ಲಿ ಮೊತ್ತಮೊದಲು ಪ್ರಯಾಣಿಕರನ್ನು ಹೊತ್ತು ಸಾಗಿದುವೆಂಬ ವಿಷಯದಲ್ಲಿ ವಿವಾದವಿಲ್ಲ. ಅವುಗಳ ನಿತ್ಯಸಂಚಾರವು ಎಂದು ನಿಂತಿತೆಂದು ಕೇಳಿದರೆ ಮಾತ್ರ ಎರಡು ಉತ್ತರಗಳು ದೊರೆಯುತ್ತವೆ. 1988ರ ಮೇ 19 ಎನ್ನುವುದಕ್ಕೂ ಆಧಾರವುಂಟು. 2021ರ ಜನವರಿ 3 ಎನ್ನುವುದಕ್ಕೂ ಆಧಾರವುಂಟು. ಮೂವತ್ತೆರಡು ವರ್ಷಗಳಿಗೆ ಮಿಕ್ಕ ಈ ಅಂತರಕ್ಕೆ ಕಾರಣವೇನು? ವಸ್ತುವಿನ ಲಕ್ಷಣವನ್ನು ನಿಶ್ಚಯಿಸುವುದಕ್ಕೆ ಮೊದಲೇ ಅದರ ಕಾಲವನ್ನು ನಿಶ್ಚಯಿಸಹೊರಟುದೇ ಕಾರಣವೆಂದು ನಮಗೆ ತೋರುತ್ತದೆ. ಗ್ರಂಥಗಳ ಕಾಲವಿಚಾರದಲ್ಲಿ ಪಳಗಿದ ವಾಚಕರಿಗೆ ಈ ಬಗೆಯ ತೊಡಕು ಅಪರಿಚಿತವಲ್ಲ.

ಮೊದಲು ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳತಕ್ಕದ್ದು. ನೆಲದ ಆಳದಲ್ಲಿ ವಿದ್ಯುಚ್ಛಕ್ತಿಯಿಂದ ಓಡುವ ರೈಲು ಲಂಡನ್ನಿನಲ್ಲಿ 1890ರಲ್ಲಿ ಆರಂಭವಾಯಿತು. ಆಗ ವಿದ್ಯುತ್ತಿನ ಎಂಜಿನೊಂದು ಮುಂದೆ ಇದ್ದು ಬಂಡಿಗಳನ್ನು ಎಳೆಯುತ್ತಿತ್ತು. 1900ರಲ್ಲಿ ತೆರೆದ ಸೆಂಟ್ರಲ್ ಲಂಡನ್ ರೈಲಿನಲ್ಲಿ ಈ ಎಂಜಿನುಗಳ ಭಾರದಿಂದ ಮೇಲಿನ ಕಟ್ಟಡಗಳು ಅದಿರತೊಡಗಿದುವೆಂದು ದೂರುಗಳು ಬಂದುವು. 1903ರಲ್ಲಿ ಎಂಜಿನನ್ನು ಬಿಟ್ಟು, ಮೋಟಾರುಗಳನ್ನು ಬಂಡಿಗಳಲ್ಲಿಯೇ ಹಂಚಿ, ಎಲ್ಲವನ್ನೂ ಒಬ್ಬನೇ ಚಾಲಕನು ಮುಂಬದಿಯಿಂದ ನಡೆಯಿಸುವ ಕ್ರಮವನ್ನು ಅಲ್ಲಿ ತಂದರು. ಈ ಕ್ರಮವನ್ನು ಅಮೆರಿಕದ ಫ್ರಾಂಕ್ ಸ್ಪ್ರೇಗ್ ಎಂಬಾತನು 1897ರಲ್ಲಿಯೇ ಶಿಕಾಗೋ ನಗರದಲ್ಲಿ ನಡೆಯಿಸಿ ತೋರಿಸಿದ್ದನು. ಸುರಂಗದ ಅಡ್ಡಳತೆಯಾದರೋ ಹನ್ನೆರಡು ಅಡಿಗಿಂತ ಕಡಿಮೆ. ಆ ಇಕ್ಕಟ್ಟಿನಲ್ಲಿ ಮೋಟಾರುಗಳನ್ನು ಆಳುವ ಸ್ವಿಚ್ಚುಗಳಿಗೆ ಬಂಡಿಯ ಕೆಳಗೆ ಎಡೆಯಿರಲಿಲ್ಲವಾದುದರಿಂದ, ಚಾಲಕನ ಹಿಂಬದಿಯಲ್ಲಿ ಅವುಗಳಿಗಾಗಿ ಬೇರೊಂದು ಕೋಣೆಯನ್ನು ಕಟ್ಟುತ್ತಿದ್ದರು. ಮೋಟಾರು ಬಂಡಿಯ ಉದ್ದದಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೀಗೆ ಯಂತ್ರಕ್ಕೆ ಮೀಸಲಾಗಿ, ಕಾಸು ಕೊಟ್ಟ ಮನುಷ್ಯನು ನಿಂತು ಹೋಗಬೇಕಾಗಿತ್ತು.

ಈ ಕೋಣೆಯನ್ನು ಇಲ್ಲವಾಗಿಸಿದುದೇ 1938ರ ಬಂಡಿಗಳ ಹಿರಿಮೆ. 1933ರಲ್ಲಿ ಲಂಡನ್ನಿನ ರೈಲು, ಟ್ರಾಮು, ಬಸ್ಸುಗಳು ಒಂದೇ ಮಂಡಲಿಯ ಆಡಳಿತಕ್ಕೆ ಬಂದ ಮೇಲೆ, ಆ ಮಂಡಲಿಯ ಯಂತ್ರಶಿಲ್ಪಿಗಳಲ್ಲಿ ಮುಖ್ಯನಾಗಿದ್ದ ಡಬ್ಲ್ಯು. ಎಸ್. ಗ್ರಾಫ್-ಬೇಕರನು ಸ್ವಿಚ್ಚುಗಳನ್ನೂ ಗಾಳಿ ಒತ್ತುವ ಯಂತ್ರವನ್ನೂ ನೆಲಹಲಗೆಯ ಅಡಿಗೆ ಇಳಿಸುವ ಕಾರ್ಯವನ್ನು ಕೈಕೊಂಡನು. ಮೋಟಾರು ನಿಂತ ಸ್ಥಿತಿಯಿಂದ ಹೊರಡುವಾಗ ಪೂರ್ಣ ವಿದ್ಯುತ್ತನ್ನು ಒಮ್ಮೆಲೇ ಹರಿಸಿದರೆ ಅದು ಕೆಡುವುದು. ಆದುದರಿಂದ ಪ್ರವಾಹವನ್ನು ತಡೆಯುವ ಸಾಧನಗಳನ್ನು ನಡುವೆ ಇಟ್ಟು, ವೇಗವು ಹೆಚ್ಚಿದಂತೆ ಅವುಗಳನ್ನು ಒಂದೊಂದಾಗಿ ತಪ್ಪಿಸಬೇಕು. ಹಿಂದೆ ಇದಕ್ಕೆ ಬಿಡಿಬಿಡಿಯಾದ ದೊಡ್ಡ ಸ್ವಿಚ್ಚುಗಳು ಬೇಕಾಗಿದ್ದುವು. ಹೊಸ ಏರ್ಪಾಟಿನಲ್ಲಿ ಉಬ್ಬುಗಳುಳ್ಳ ಒಂದು ದಂಡವು ಒತ್ತಿದ ಗಾಳಿಯ ಬಲದಿಂದ ತಿರುಗುತ್ತ, ಸಣ್ಣ ಸ್ವಿಚ್ಚುಗಳನ್ನು ಕ್ರಮವಾಗಿ ತಾನೇ ಮುಚ್ಚಿ ತೆರೆಯುವುದು. ಯಂತ್ರವು ಚಿಕ್ಕದಾಗಿ ಅಡಿಗಿಳಿದುದರಿಂದ ಚಾಲಕನ ಬಂಡಿಯಲ್ಲಿಯೂ 42 ಆಸನಗಳಿಗೆ ಎಡೆಯಾಯಿತು. ಏಳು ಬಂಡಿಗಳ ರೈಲಿನಲ್ಲಿ ಐದಕ್ಕೆ ಮೋಟಾರುಗಳನ್ನು ಹಾಕಿಯೂ ಸ್ಥಳವು ಕುಗ್ಗಲಿಲ್ಲ. ಎರಡು ಕಾರ್ಖಾನೆಗಳಿಂದ ಒಟ್ಟು 1,121 ಬಂಡಿಗಳು ಬಂದುವು. ಇಂದು ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಕುಳಿತವರೂ ತಮ್ಮ ಕಾಲಡಿಯಲ್ಲಿ ಇಂತಹುದೇ ಏರ್ಪಾಟನ್ನು ಇಟ್ಟುಕೊಂಡು ಸಾಗುತ್ತಿರುವರಷ್ಟೆ.

ಇನ್ನು ಲಕ್ಷಣವಿಚಾರ. ‘1938ರಲ್ಲಿ ನಿರ್ಮಿತವಾದುದು’ ಎಂಬುದೇ ಲಕ್ಷಣವಾಗಲೆಂದರೆ, 1939ರಲ್ಲಿಯೂ 1940ರಲ್ಲಿಯೂ ಬಂದ ಅದೇ ಮಾದರಿಯ ಬಂಡಿಗಳಲ್ಲಿ ಅವ್ಯಾಪ್ತಿಯು ಒದಗುತ್ತದೆ. ಅದೇ ಕಾಲದಲ್ಲಿ ಮೇಲುಮಟ್ಟದ ದಾರಿಗಳಿಗಾಗಿ ಮಾಡಿದ ‘ಓ’ ಎಂಬ ಹೆಸರಿನ ದೊಡ್ಡ ಬಂಡಿಗಳಲ್ಲಿ ಅತಿವ್ಯಾಪ್ತಿಯೂ ಬರುತ್ತದೆ. ಹಾಗಾದರೆ ‘ಯಂತ್ರವು ನೆಲಹಲಗೆಯ ಅಡಿಯಲ್ಲಿರುವುದು’ ಎನ್ನೋಣವೆ? ಇದೂ ನಿಲ್ಲದು. ಮೋಟಾರಿಲ್ಲದ ಬಂಡಿಗಳೂ ಈ ವರ್ಗದಲ್ಲಿ ಅನೇಕವಾಗಿವೆ. ಅಲ್ಲದೆ ಇದಕ್ಕೆ ಮುಂಚೆ ಪ್ರಯೋಗಾರ್ಥವಾಗಿ ಮಾಡಿಸಿದ ‘1935ರ ಸ್ಟಾಕ್’ನಲ್ಲಿ ಯಂತ್ರವು ಅಡಿಯಲ್ಲಿಯೇ ಇದ್ದಿತು. ಆ 24 ಬಂಡಿಗಳಲ್ಲಿ 18ಕ್ಕೆ ಗಾಳಿಯನ್ನು ಸೀಳುವಂತೆ ದುಂಡಾದ ಮುಖವಿತ್ತು. ಹೆಜ್ಜೆಹೆಜ್ಜೆಗೆ ನಿಲ್ದಾಣಗಳಿರುವ ಸುರಂಗದಲ್ಲಿ ಈ ಅಲಂಕಾರದಿಂದ ಫಲವೇನೂ ಕಾಣದೆ, 1938ರಲ್ಲಿ ಚಪ್ಪಟೆ ಮುಖವೇ ಉಳಿಯಿತು.

ಸಂಕರವು ಇಷ್ಟಕ್ಕೇ ಮುಗಿಯಲಿಲ್ಲ. 1927ರ ವರ್ಗದ ಮೋಟಾರಿಲ್ಲದ 58 ಬಂಡಿಗಳನ್ನು ತಿದ್ದಿ 1938ರ ರೈಲುಗಳೊಳಗೆ ಕೂಡಿಸಿದರು. ಬಳಿಕ ‘1949ರ ಸ್ಟಾಕ್’ ಎಂಬ ಹೆಸರಿನಿಂದ 91 ಬಂಡಿಗಳು ಬಂದುವಾದರೂ, ಅವು ತಾವೇ ಒಂದು ರೈಲಾಗಿ ಓಡಲಿಲ್ಲ. 1938ರವುಗಳ ನಡುವೆ ಸೇರಿಕೊಂಡುವು. ವಿಪರೀತವಾದ ಉದಾಹರಣೆಯೂ ಉಂಟು. 1938ರ ಮೋಟಾರಿಲ್ಲದ ಕೆಲವು ಬಂಡಿಗಳು ಮುಂದೆ ‘1960ರ ಸ್ಟಾಕ್’ನ ರೈಲುಗಳಲ್ಲಿ ನಡುವಣ ಬಂಡಿಗಳಾಗಿ ಸಂಚರಿಸಿದುವು.

ನಮ್ಮ ಅಭಿಪ್ರಾಯದಲ್ಲಿ ವರ್ಗವೆಂಬುದು ಬಿಡಿಬಂಡಿಯ ಧರ್ಮವಲ್ಲ, ಕೂಡಿ ಓಡುವ ಸಮುದಾಯದ ಧರ್ಮ. ಮೇಲೆ ವರ್ಣಿಸಿದ ದಂಡಯಂತ್ರದ ಕ್ರಮಕ್ಕೆ ಒಳಪಟ್ಟು, ಒಬ್ಬ ಚಾಲಕನ ಆಜ್ಞೆಯನ್ನು ಒಂದೇ ತಂತಿಸಾಲಿನಿಂದ ಪಾಲಿಸುವ ಬಂಡಿಗಳ ಸಮುದಾಯವೇ 1938ರ ವರ್ಗ. ಈ ಲಕ್ಷಣಕ್ಕೆ 1935ರ ಬಂಡಿಗಳೇ ಒಳ್ಳೆಯ ಸಾಕ್ಷಿ. ಅವುಗಳಲ್ಲಿ ಬೇರೆ ಬೇರೆ ಕಾರ್ಖಾನೆಗಳ ಬೇರೆ ಬೇರೆ ಬಗೆಯ ಚಾಲನಯಂತ್ರಗಳಿದ್ದುದರಿಂದ, ಆಕಾರದಲ್ಲಿ ಹತ್ತಿರವಿದ್ದರೂ ಅವು 1938ರವುಗಳೊಡನೆ ಬೆರೆಯಲಿಲ್ಲ. 1950ರ ಸುಮಾರಿಗೆ ದುಂಡುಮುಖದ ಆ 18 ಬಂಡಿಗಳ ಮೋಟಾರುಗಳನ್ನೂ ಚಾಲಕನ ಕೋಣೆಯನ್ನೂ ತೆಗೆದು ಬರಿಯ ನಡುಬಂಡಿಗಳನ್ನಾಗಿ ಮಾಡಿದ ಮೇಲೆಯೇ 1938ರ ರೈಲಿನಲ್ಲಿ ಅವಕ್ಕೆ ಎಡೆ ದೊರೆಯಿತು. ಸ್ವಂತ ಯಂತ್ರವಿದ್ದಾಗ ಹೊರಗಿದ್ದುದು, ಅದನ್ನು ಕಳೆದುಕೊಂಡಾಗ ಒಳಗಾಯಿತು! 1960ರ ರೈಲಿನೊಳಗಿನ 1938ರ ಬಂಡಿಯು ಅದೇ ನ್ಯಾಯದಿಂದ 1960ರ ವರ್ಗಕ್ಕೆ ಸಲ್ಲುತ್ತದೆ.

ಈ ಲಕ್ಷಣವನ್ನು ಹಿಡಿದು ಉತ್ತರಕಾಲವನ್ನು ನೋಡೋಣ. ಯುದ್ಧದ ದೆಸೆಯಿಂದ ನಾರ್ದರ್ನ್ ಮಾರ್ಗದ ವಿಸ್ತರಣೆಯು ಅರ್ಧಕ್ಕೆ ನಿಂತು, ಕೆಲವು ಬಂಡಿಗಳು ಕೆಲಸವಿಲ್ಲದೆ ಉಳಿದುವು. 1975ರ ಫೆಬ್ರವರಿ 28ರಂದು ಮೂರ್‌ಗೇಟ್ ನಿಲ್ದಾಣದಲ್ಲಿ ಈ ವರ್ಗದ ರೈಲೊಂದು ನಿಲ್ಲದೆ ಸುರಂಗದ ಕೊನೆಯ ಗೋಡೆಗೆ ಅಪ್ಪಳಿಸಿ 43 ಮಂದಿ ಮಡಿದರು. ವಿಚಾರಣೆಯಲ್ಲಿ ಬಂಡಿಗಳ ದೋಷವಾವುದೂ ಕಾಣಬರಲಿಲ್ಲ. ಸತ್ತವರಲ್ಲಿ ಚಾಲಕನೂ ಒಬ್ಬನಾದುದರಿಂದ ಕಾರಣವು ಗೂಢವಾಗಿಯೇ ಉಳಿಯಿತು. ಬೇಕರ್‌ಲೂ ಮಾರ್ಗದಲ್ಲಿ ಇವುಗಳ ಓಟವು 1985ರ ನವೆಂಬರಿನಲ್ಲಿ ಮುಗಿಯಿತು. ಬಂಡಿಗಳ ಅಭಾವದಿಂದ 1986ರಲ್ಲಿ ಕೆಲವನ್ನು ಮತ್ತೆ ನಾರ್ದರ್ನ್ ಮಾರ್ಗಕ್ಕೆ ಕರೆತಂದರು. ಅವು ಅಲ್ಲಿ ನಿಂತ ದಿನವೇ 1988ರ ಮೇ 19.

ಆದರೆ ಇಂಗ್ಲೆಂಡಿನ ದಕ್ಷಿಣದ ಐಲ್ ಆಫ್ ವೈಟ್ ಎಂಬ ದ್ವೀಪದಲ್ಲಿ, ರೈಡ್ ಪಿಯರ್ ಹೆಡ್‌ನಿಂದ ಷ್ಯಾಂಕ್ಲಿನ್‌ವರೆಗೆ ಸುಮಾರು ಎಂಟೂವರೆ ಮೈಲಿಯ ರೈಲುದಾರಿಯೊಂದಿದೆ. ರೈಡ್ ಪಟ್ಟಣದ ಸುರಂಗದ ಚಾವಣಿಯು ತಗ್ಗಾದುದರಿಂದ ಮಾಮೂಲು ಬಂಡಿಗಳು ಅಲ್ಲಿ ಹಿಡಿಸವು. 1967ರಲ್ಲಿ ವಿದ್ಯುತ್ತು ಬಂದಾಗಲೇ ಲಂಡನ್ನಿನ ಇನ್ನೂ ಹಳೆಯ ಗಿಡ್ಡ ಬಂಡಿಗಳನ್ನು ಅಲ್ಲಿಗೆ ಒಯ್ದಿದ್ದರು. 1989ರ ಜುಲೈಯಿಂದ 1938ರ ಬಂಡಿಗಳನ್ನು ಎರಡೆರಡಾಗಿ ಜೋಡಿಸಿ ಅವುಗಳ ಸ್ಥಾನದಲ್ಲಿ ಓಡಿಸತೊಡಗಿದರು. ಇವಕ್ಕೆ ‘483ನೆಯ ವರ್ಗ’ವೆಂಬ ಹೊಸ ಹೆಸರಾಯಿತು. ಲಂಡನ್ನಿನ ನಾಲ್ಕು ಕಂಬಿಗಳ ಏರ್ಪಾಟಿಗೆ ಬದಲಾಗಿ ದ್ವೀಪದ ಮೂರು ಕಂಬಿಗಳಿಗೆ ತಕ್ಕಂತೆ ತಂತಿಗಳನ್ನು ಮಾರ್ಪಡಿಸಿದರು. ಹೆಸರೂ ಒಡೆಯನೂ ಬದಲಾದುದರಿಂದ ಇದು ಬೇರೆ ವರ್ಗವೆಂದು 1988ರ ಪಕ್ಷದವರು ಹೇಳಬಹುದು. ಚಾಲನಕ್ರಮವು ಮುಖ್ಯವಾಗಿ ಹಿಂದಿನದೇ ಆದುದರಿಂದ ಆ ಪಕ್ಷವು ನಮಗೆ ಸಮ್ಮತವಲ್ಲ. ಗ್ರಂಥವೊಂದು ಬೇರೆ ಭಂಡಾರಕ್ಕೆ ಸೇರಿ ಬೇರೆ ಸಂಖ್ಯೆಯನ್ನು ಪಡೆದರೆ ಅದನ್ನು ಹೊಸ ಕೃತಿಯೆಂದು ಯಾರೂ ಎಣಿಸರು.

ಈ ನಿರ್ಣಯದಂತೆ 1938ರ ವರ್ಗದ ನಿತ್ಯಸಂಚಾರವು 2021ರ ಜನವರಿ 3ರವರೆಗೆ, ಎಂಬತ್ತೆರಡು ವರ್ಷಗಳಿಗೂ ಮೀರಿ ನಡೆಯಿತು. ಕೊನೆಗಾಲಕ್ಕೆ ದ್ವೀಪದಲ್ಲಿ ಓಡಬಲ್ಲ ಜೋಡಿಗಳು ಒಂದೆರಡಕ್ಕೆ ಇಳಿದಿದ್ದುವು. ಅದೇ ವರ್ಷದ ನವೆಂಬರ್ 1ರಂದು ಅಲ್ಲಿ ಸಂಚಾರವು ಮರಳಿ ಆರಂಭವಾದಾಗ ಬಂದ ‘484ನೆಯ ವರ್ಗ’ದ ರೈಲುಗಳೂ ಲಂಡನ್ನಿನ ಡಿಸ್ಟ್ರಿಕ್ಟ್ ಮಾರ್ಗದ ಹಳೆಯ ಬಂಡಿಗಳಿಂದಲೇ ಮಾಡಿದುವು, ಅವುಗಳಲ್ಲಿ ಮೋಟಾರು ಮೊದಲಾದ ಚಾಲನಯಂತ್ರವನ್ನೇ ಹೊಸದಾಗಿ ಹಾಕಿರುವುದರಿಂದ, ಅವನ್ನು ಹಿಂದಿನ ವರ್ಗದಲ್ಲಿ ಸೇರಿಸಲಾಗದು.