ನರಿಯಂಗ ಊಳಿಟ್ಟ ಫ್ರಿಜ್

ಫ್ರಿಜ್ ಗುರ್ ಅಂದ್ರ ಬೈತೀವಿ, ಹೌದಿಲ್ರೀ ವೈನಿ? ಹಿಂದಕ ಬರ್ಲಿನ್ನಿನ್ಯಾಗ ಫ್ರಿಜ್ಜಿನ ಪಂಪಿನ ಸೀಲ್ ಕೆಟ್ಟು, ವಿಷದ ಗ್ಯಾಸ್ ಸೋರಿ ಒಂದು ಮನಿಯವರು ಸತ್ತುಹೋದ್ರು. ಸೋರೂದಕ್ಕ ಸಪ್ಪಳ ಇರಂಗಿಲ್ಲ, ನನಗ ಅದೇ ಅಂಜಿಕಿ. ಅದನ್ನ ಪೇಪರಿನ್ಯಾಗ ಓದಿ ಐನ್‌ಸ್ಟೈನ್, ಲಿಯೋ ಸಿಲಾರ್ಡ್ ಕೂಡಿ ಸೀಲೇ ಇಲ್ಲದ ಪಂಪ್ ಮಾಡಿದ್ರು. ಅದರಾಗ ತಿರುಗೂ ಭಾಗ ಇಲ್ಲ, ನೀರಿನಂಥ ಲೋಹಾನ ವಿದ್ಯುತ್ ಕಾಂತದ ಬಲದಿಂದ ದೂಡೂದು. ಚಾಲೂ ಮಾಡಿದ್ರ ನರಿ ಊಳಿಟ್ಟಂಗ ಸಪ್ಪಳ! ಯಾಕ ಅಂದ್ರ ಹರಿಯೂ ಲೋಹದಾಗ ಸಣ್ಣ ಸಣ್ಣ ಗುಳ್ಳಿ ಎದ್ದು ಒಡೀತಿದ್ವು. ವೋಲ್ಟೇಜ್ ಹೊಂದಿಸಿ ಅಷ್ಟಿಷ್ಟು ತಗ್ಗಿಸಿದ್ರು. ಅಷ್ಟರಾಗ, 1930ರ ಹೊತ್ತಿಗೆ ಫ್ರಿಯಾನ್ ಬಂತು. ವಿಷ ಅಲ್ಲಂತ ಎಲ್ಲಾರೂ ಅದನ್ನೇ ಹಿಡಿದ್ರು (ಓಝೋನಿನ ಸುದ್ದಿ ಆಮ್ಯಾಲಿಂದು). ಐನ್‌ಸ್ಟೈನರ ಫ್ರಿಜ್ ಅಂಗಡಿ ಕಾಣಲೇ ಇಲ್ಲ.