39 ಅಂಕಿಯ ಸಂಖ್ಯೆಗೆ 75 ವರ್ಷದ ಪಟ್ಟ

ಒಂದರಿಂದ ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವ 2, 3, 5, 7ರಂಥ ಸಂಖ್ಯೆಗಳೇ ಅವಿಭಾಜ್ಯಗಳು. ಮಗ್ಗಿ ಬಲ್ಲವರಿಗೆ 97 ಅವಿಭಾಜ್ಯವೆಂದು ತಿಳಿಯುವುದು ಕಷ್ಟವಲ್ಲ. ಆದರೆ 170141183460469231731687303715884105727? ಫ್ರಾನ್ಸಿನ ಗಣಿತ ಶಿಕ್ಷಕ ಎಡ್ವರ್ಡ್ ಲೂಕಾ 1876ರಲ್ಲಿ, ಎಲೆಕ್ಟ್ರಾನಿಕ್ ಕಂಪ್ಯೂಟರುಗಳಿಲ್ಲದ ಕಾಲದಲ್ಲಿ, ಇದು ಅವಿಭಾಜ್ಯವೆಂದು ಸಾರಿದ. 1951ರವರೆಗೂ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ.

127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಈ ಸಂಖ್ಯೆ ಸಿಗುತ್ತದೆ. ಚದುರಂಗದ ಮನೆಗಳಲ್ಲಿ ಕಾಳು ದುಪ್ಪಟ್ಟು ಮಾಡುತ್ತಾ ಹೋಗುವ ಕಥೆಯಲ್ಲಿ ಕಾಳುಗಳ ಒಟ್ಟು ಲೆಕ್ಕವೂ ಇದೇ ಜಾತಿಯದು. ಅಲ್ಲಿ ಎರಡುಗಳು 64. ಯಾವ ಯಾವ ಘಾತಗಳಿಗೆ ಇಂಥ ಸಂಖ್ಯೆ ಅವಿಭಾಜ್ಯವಾಗುತ್ತದೆ ಎಂಬ ಪಟ್ಟಿಯನ್ನು ಪ್ಯಾರಿಸ್ಸಿನ ಪಾದ್ರಿ ಮೆರ್ಸೆನ್ 1644ರಲ್ಲೇ ಪ್ರಕಟಿಸಿದ್ದ. ಅದರಲ್ಲಿ 67, 127, 257 ಇದ್ದವು. ಅಷ್ಟನ್ನೂ ಆತ ಪರೀಕ್ಷಿಸಿರಲು ಸಾಧ್ಯವೇ ಇರಲಿಲ್ಲ.

ಏಕೆಂದರೆ ಸಾದಾ ದಾರಿ ಎಂದರೆ ಚಿಕ್ಕ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದು. ಸೆಕೆಂಡಿಗೊಂದು ಭಾಗಾಕಾರ ಮಾಡಿದರೂ ಲೂಕಾನ ಸಂಖ್ಯೆಗೆ ನೂರಾರು ಕೋಟಿ ವರ್ಷ ಬೇಕು. ಲೂಕಾ ಭಾಗಿಸುವ ಗೋಜಿಗೇ ಹೋಗಲಿಲ್ಲ. ಆತನ ವಿಧಾನವನ್ನು ಅಮೆರಿಕದ ಲೆಹ್ಮರ್ 1930ರ ದಶಕದಲ್ಲಿ ಸರಳಗೊಳಿಸಿದ. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ, ಮತ್ತೆ ಅದೇ. ಐದು ಎರಡುಗಳಿಂದಾಗುವ 31ಕ್ಕೆ ಮಾಡಿದರೆ 4, 14, 8, ಕೊನೆಗೆ 0. ಮೂರೇ ಹೆಜ್ಜೆಗೆ ಸೊನ್ನೆ ಬಂತು, 31 ಅವಿಭಾಜ್ಯ. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆ ಸಾಕು; 127ಕ್ಕೆ 125. ಹೆಜ್ಜೆ ಕಡಿಮೆಯಾದರೂ ಪ್ರತಿಯೊಂದರಲ್ಲೂ 39 ಅಂಕಿಗಳ ಗುಣಾಕಾರ. ಲೆಕ್ಕವನ್ನು ಸೊನ್ನೆ, ಒಂದುಗಳಿಗೆ ಇಳಿಸಿ ಚದುರಂಗದ ಮಣೆಯಂಥ ಹಾಸಿನ ಮೇಲೆ ಕಾಯಿ ಸರಿಸಿ ಮಾಡುವ ಉಪಾಯವನ್ನೂ ಲೂಕಾ ವಿವರಿಸಿದ್ದ.

ಈ ಪರೀಕ್ಷೆಯ ವಿಚಿತ್ರವೆಂದರೆ, ಸೊನ್ನೆ ಬಾರದಿದ್ದರೆ ಸಂಖ್ಯೆ ಒಡೆಯುತ್ತದೆಂದು ಗೊತ್ತಾಗುತ್ತದೆ. ಹೇಗೆ ಒಡೆಯುತ್ತದೆಂದು ಗೊತ್ತಾಗುವುದಿಲ್ಲ. ಪಾದ್ರಿಯ ಪಟ್ಟಿಯಲ್ಲಿದ್ದ 67 ತಪ್ಪೆಂದು ಲೂಕಾ 1876ರಲ್ಲೇ ತೋರಿಸಿದ. ಅದು 193707721 ಮತ್ತು 761838257287ರ ಗುಣಲಬ್ಧವೆಂದು ಅಮೆರಿಕದ ಕೋಲ್ ಕಂಡುಹಿಡಿದು ಹೇಳಿದ್ದು 1903ರಲ್ಲಿ. ನಡುವೆ 27 ವರ್ಷ. ಇಂದಿನ ಬ್ಯಾಂಕ್ ವ್ಯವಹಾರಗಳ ರಹಸ್ಯ ಕಾಯುವ ಹಲವು ಕಂಪ್ಯೂಟರ್ ಬೀಗಗಳು ನಂಬಿರುವುದು ಈ ಅಂತರವನ್ನೇ: ದೊಡ್ಡ ಅವಿಭಾಜ್ಯವನ್ನು ಗುರುತಿಸುವುದು ಸುಲಭ, ಅಂಥ ಎರಡನ್ನು ಗುಣಿಸಿಟ್ಟರೆ ಬಿಡಿಸುವುದು ದುಸ್ತರ. ಪಟ್ಟಿಯ 257 ಕೂಡ ಸುಳ್ಳಾಯಿತು. 127 ಮಾತ್ರ ಉಳಿಯಿತು.

1951ರಲ್ಲಿ ಪಟ್ಟ ಹೋದದ್ದು ಮೊದಲು ಮೇಜಿನ ಲೆಕ್ಕಯಂತ್ರದಿಂದ ಸಿಕ್ಕ 44 ಅಂಕಿಯ ಅವಿಭಾಜ್ಯಕ್ಕೆ. ಅದೇ ವರ್ಷ ಕೇಂಬ್ರಿಜ್‌ನ ಎಡ್ಸಾಕ್ ಕಂಪ್ಯೂಟರ್ 79 ಅಂಕಿಯದನ್ನು ಹುಡುಕಿತು. ಅದನ್ನು ಕಟ್ಟಿದ್ದು ಲೂಕಾನ ಸಂಖ್ಯೆಯಿಂದಲೇ: ಅದರ ವರ್ಗವನ್ನು 180ರಿಂದ ಗುಣಿಸಿ 1 ಕೂಡಿಸಿದರು. 2024ರಲ್ಲಿ ಪ್ರಕಟವಾದ, 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯವನ್ನು ಖಚಿತಪಡಿಸಲು ಬಳಸಿದ್ದೂ ಲೂಕಾ-ಲೆಹ್ಮರ್ ಪರೀಕ್ಷೆಯನ್ನೇ.