ತಿಪಟೂರು ಸೀಮೆಯ ಕೊಬ್ಬರಿ ಪರೀಕ್ಷೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿ ಹದವಾಗುವುದು ಅಟ್ಟದಲ್ಲಿ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ 8ರಿಂದ 12 ತಿಂಗಳು ಅಲ್ಲಿ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಕರಟ ಬಿಡುತ್ತದೆ.

ಇದರ ಮೊದಲ ಪರೀಕ್ಷಕ ಕಿವಿ. ಅಲ್ಲಾಡಿಸಿದಾಗ ನೀರು ಕುಲುಕಿದರೆ ಕಾಯಿ ಇನ್ನೂ ಹಸಿ. ಉಂಡೆ ಕರಟಕ್ಕೆ ಬಡಿದು ಗಡಗಡ ಎಂದರೆ ಸುಲಿಯಬಹುದು. ಕರಟ ಒಡೆದ ಮೇಲೆ ವರ್ತಕರು ಗಾತ್ರ, ಬಣ್ಣ ನೋಡಿ, ಮೂಸಿ, ಅನುಮಾನ ಬಂದ ಉಂಡೆಯನ್ನು ಕೊಯ್ದು ದರ ಕಟ್ಟುತ್ತಿದ್ದರು. ಬೂಷ್ಟು ಕಂಡರೆ, ಕೌಟು ವಾಸನೆ ಬಂದರೆ ಬೆಲೆ ಇಳಿಯುತ್ತಿತ್ತು. ಈ ಕೊಬ್ಬರಿಯನ್ನು ಉತ್ತರ ಭಾರತದಲ್ಲಿ ಒಣಹಣ್ಣಿನಂತೆ ಹಾಗೇ ತಿನ್ನುವುದರಿಂದ, ಅದು ದೂರದ ಸಾಗಣೆಯನ್ನೂ ದಾಸ್ತಾನನ್ನೂ ತಾಳಿಕೊಳ್ಳಲೇಬೇಕು.

1937ರ ಕೃಷಿ ಉತ್ಪನ್ನಗಳ ವರ್ಗೀಕರಣ ಕಾಯ್ದೆಯಿಂದ ಅಗ್‌ಮಾರ್ಕ್ ಬಂತು. ಗುಣಮಟ್ಟವನ್ನು ಅಂಕಿಯಲ್ಲಿ ಹೇಳುವ ಪದ್ಧತಿ ಬೆಳೆಯಿತು. ಬೆಂಬಲ ಬೆಲೆಯ ಖರೀದಿಯಲ್ಲಿ ಉಂಡೆ ಕೊಬ್ಬರಿಯ ತೇವಾಂಶ ಶೇ. 7 ಮೀರುವಂತಿಲ್ಲ. ಇದನ್ನು ಅಳೆಯುವ ಮೂಲ ವಿಧಾನ ಒಲೆಯದು. 10 ಗ್ರಾಂ ತುರಿಯನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸುತ್ತಾರೆ. 9.3 ಗ್ರಾಂ ಉಳಿದರೆ ತೇವಾಂಶ ಸರಿಯಾಗಿ ಶೇ. 7. ಇದಕ್ಕೆ ಗಂಟೆಗಟ್ಟಲೆ ಬೇಕು. ವಿದ್ಯುತ್ ಮೀಟರು ಕ್ಷಣದಲ್ಲಿ ಅಂಕಿ ತೋರಿಸುತ್ತದೆ, ಆದರೆ ಅದು ನಂಬಿಕೆಗೆ ಅರ್ಹವಾಗಬೇಕಾದರೆ ಒಂದೇ ಮಾದರಿಗೆ ಒಲೆ ಕೊಟ್ಟ ಉತ್ತರಕ್ಕೆ ಹೊಂದಬೇಕು. ಹಸಿ ಕೊಬ್ಬರಿಗೂ ಒಣ ಕೊಬ್ಬರಿಗೂ ಹೊಂದಬೇಕು, ಮತ್ತೆ ಮತ್ತೆ ಅಳೆದರೂ, ಬೇರೆಯವರು ಅಳೆದರೂ ಬದಲಾಗಬಾರದು.

1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅದರ ಬೆನ್ನಲ್ಲೇ ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಸರಿಯಾಗಿ ಒಣಗದ ಕೊಬ್ಬರಿಯಲ್ಲೂ ಅದನ್ನು ಉಂಟುಮಾಡುವ ಶಿಲೀಂಧ್ರ ಬೆಳೆಯುತ್ತದೆ. ಕಣ್ಣಿಗೂ ಮೂಗಿಗೂ ಸಿಗದ ಈ ವಿಷಕ್ಕೆ ಪ್ರಯೋಗಾಲಯವೇ ಗತಿ. ಅಲ್ಲಿ ವಿಧಾನವನ್ನು ಒರೆಗೆ ಹಚ್ಚಲು, ಶುದ್ಧ ಕೊಬ್ಬರಿ ಪುಡಿಗೆ ಗೊತ್ತಿರುವ ಪ್ರಮಾಣದ ವಿಷ ಬೆರೆಸಿ, ಅದರಲ್ಲಿ ಎಷ್ಟು ಮರಳಿ ಸಿಗುತ್ತದೆಂದು ಅಳೆಯುತ್ತಾರೆ. ವಿಷ ಚೀಲದಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಹಾಗಾಗಿ ಹಲವು ಉಂಡೆಗಳನ್ನು ಪುಡಿಮಾಡಿ ಬೆರೆಸದೆ ತೆಗೆದ ಮಾದರಿ ದಾರಿ ತಪ್ಪಿಸುತ್ತದೆ.

ಬಾಳಿಕೆಯ ಪರೀಕ್ಷೆಗೆ ಕೊಬ್ಬರಿಯನ್ನು ನಿಗದಿತ ಶಾಖ, ತೇವದಲ್ಲಿ ಇಟ್ಟು, ಅವಧಿ ಅವಧಿಗೆ ಎಣ್ಣೆ ತೆಗೆದು ಮುಕ್ತ ಕೊಬ್ಬಿನಾಮ್ಲ ಅಳೆಯುತ್ತಾರೆ. ಎಣ್ಣೆ ಕೆಟ್ಟಂತೆ ಈ ಆಮ್ಲ ಏರುತ್ತದೆ. ವರ್ತಕರು ಮೂಗಿನಿಂದ ತಿಳಿಯುತ್ತಿದ್ದ ಕೌಟಿಗೆ ಹೀಗೆ ಒಂದು ಅಂಕಿ ಸಿಕ್ಕಿತು.